ಫ್ಲಾಸ್ಕಿನ ಮುಚ್ಚಳ

ಮೊದಲು ಬಾಟಲಿಯನ್ನು ಮಂಚದಡಿ ತಳ್ಳಿದ್ದು ನೀವೇ, ಅತ್ತೆ.
'ನೋವು ಕಾಣಿಸಿಕೊಂಡ ಮೇಲೆ ನೀರು ಕುಡೀಬಾರ್ದು,
ಮಗು ಮೇಲಕ್ಕೆ ಹತ್ತುತ್ತೆ' ಅಂದಿರಿ,
ಏಣಿ ಇಟ್ಟು ಹತ್ತಿದ್ದನ್ನು ಕಣ್ಣಾರೆ ಕಂಡವರ ಹಾಗೆ.

ಅರಸೀಕೆರೆಯ ಸರ್ಕಾರಿ ಆಸ್ಪತ್ರೆ, ರಾತ್ರಿ ಹತ್ತೂವರೆ.
ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಪಕ್ಕದ ಮಂಚಕ್ಕೆ.
ನನ್ನ ನಾಲಿಗೆ
ಅಟ್ಟದ ಮೇಲೆ ವರ್ಷವಿಡೀ ಒಣಗಿದ ಉಂಡೆ ಕೊಬ್ಬರಿ,
ಚಿಪ್ಪಿನಿಂದ ಕಳಚಿಕೊಂಡು
ಅಲ್ಲಾಡಿಸಿದರೆ ಒಳಗೇ ಗುಡುಗುಡು.

ಶಾಹಿದಾ ಸಿಸ್ಟರ್ ಬಂದು ಹೊಟ್ಟೆ ಮುಟ್ಟಿದರು,
ತುಟಿ ನೋಡಿದರು.
'ಯಾರಮ್ಮಾ ಇವಳನ್ನ ಒಣಗಿಸ್ತಿರೋದು?
ರಾಗಿ ಕೊಯ್ಯೋರಿಗೆ ಹೊಲಕ್ಕೆ ಅಂಬಲಿ ಹೊರಲ್ವಾ ನೀವು?
ಇದು ಅದಕ್ಕಿಂತ ದೊಡ್ಡ ಕೊಯ್ಲು.
ಬಿ.ಪಿ. ಸರಿಯಾಗಿದೆ, ಆಪರೇಷನ್ ಲಕ್ಷಣ ಇಲ್ಲ,
ಗುಟುಕು ಗುಟುಕು ಕೊಡ್ತಾ ಇರಿ.
ಎರಡು ಗಂಟೆಗೊಂದು ಸಲ ಬಚ್ಚಲಿಗೆ ನಡೆಸಿ.'

ನೀವು ಮಾತಾಡಲಿಲ್ಲ.
ಚೀಲದಿಂದ ಫ್ಲಾಸ್ಕು ತೆಗೆದಿರಿ,
ನಿಮಗೇ ಅಂತ ತಂದಿದ್ದ ಉಪ್ಪುಗಂಜಿ,
ಅದರ ಕೆಂಪು ಮುಚ್ಚಳದ ತುಂಬ ಬಗ್ಗಿಸಿದಿರಿ.
ಕೈ ನಡುಗಿ ಅರ್ಧ ನನ್ನ ಕೊರಳಿಗೆ ಹೋಯಿತು.
ಆ ಅರ್ಧವೂ ಹಿತವಾಗಿತ್ತು.

ಜಂಕ್ಷನ್ನಿನ ಕಡೆಯಿಂದ ಗಾಡಿಗಳ ಸದ್ದು.
ಇನ್ನೂ ಕಾಣದ ರೈಲಿಗೆ ಹಳಿ ನಡುಗುವಂತೆ
ಮೊದಲು ಸೊಂಟ ನಡುಗುತ್ತಿತ್ತು,
ಆಮೇಲೆ ಅದು ಬರುತ್ತಿತ್ತು, ಎಲ್ಲ ಬೋಗಿಗಳ ಸಮೇತ.
ಹೋದ ಮೇಲೆ ಒಂದು ಮುಚ್ಚಳ.
ಗಡಿಯಾರ ನೋಡುವುದನ್ನು ಬಿಟ್ಟು
ಮುಚ್ಚಳ ಎಣಿಸಿದೆ.

ಷಡಕ್ಷರಿ ಎಳನೀರಿಗೆ ಓಡಿದ್ದರು.
ಊರು ಸುತ್ತ ತೆಂಗು, ನಡುರಾತ್ರಿ ಒಂದು ಕಾಯಿಲ್ಲ.
ಗಾಡಿಯ ಕೆಳಗೆ ಮಲಗಿದ್ದವನನ್ನು ಎಬ್ಬಿಸಿ
ಮೂರು ತಂದರಂತೆ, ಮಚ್ಚನ್ನೂ ತಂದರಂತೆ,
ಗೇಟಿನವನು ಎಳನೀರು ಒಳಗೆ ಬಿಟ್ಟ,
ಮಚ್ಚು ಬಿಡಲಿಲ್ಲ.
ನೋವಿನ ನಡುವೆ ನಕ್ಕುಬಿಟ್ಟೆ,
ನಕ್ಕದ್ದಕ್ಕೆ ಮತ್ತೆ ನೋವು.

ಹದಿನಾಲ್ಕನೆಯ ಮುಚ್ಚಳ ವಾಂತಿಯಾಯಿತು.
ಹುಳಿ ಗಂಜಿ, ನಿಮ್ಮ ಹಸಿರು ಸೆರಗಿನ ತುಂಬ.
ಇನ್ನು ನಿಲ್ಲಿಸುತ್ತೀರಿ, 'ನಾ ಹೇಳಿರ್ಲಿಲ್ವಾ' ಅನ್ನುತ್ತೀರಿ ಅಂದುಕೊಂಡೆ.
ಸೆರಗು ಸೊಂಟಕ್ಕೆ ಸಿಕ್ಕಿಸಿ
'ಹೋಗಿದ್ದು ಹೋಯ್ತು' ಎಂದು
ಬಾಯಿ ಮುಕ್ಕಳಿಸಿ, ಸ್ವಲ್ಪ ತಡೆದು
ಗೇಟಿನಾಚೆ ಕೊಚ್ಚಿಸಿ ತಂದ ಎಳನೀರು ಹಿಡಿದಿರಿ.

ಆಮೇಲೆ, ಮೂರು ಗಂಟೆಯಿರಬೇಕು,
ಗೋಡೆ ನೋಡುತ್ತ ಹೇಳಿದಿರಿ:

'ಇವನು ಹುಟ್ಟೋವಾಗ ಒಂದು ಹಗಲು ಒಂದು ರಾತ್ರಿ.
ಕೋಣೆ ಮೂಲೇಲಿ ಮಣ್ಣಿನ ಗುಡಾಣ.
ಚೊಂಬು ಎತ್ತಿಟ್ರು. ಬಾಯಿಗೆ ಮಣೆ ಮುಚ್ಚಿ
ಮೇಲೆ ರುಬ್ಬುಗುಂಡು ಹೇರಿದ್ರು.
ಎಲ್ಲಾರೂ ತೂಕಡಿಸ್ತಿದ್ದಾಗ ತೆವಳ್ಕೊಂಡು ಹೋಗಿ
ಅದರ ಹೊಟ್ಟೆಗೆ ಬಾಯಿಟ್ಟು
ಬೆವರು ನೆಕ್ಕಿದೆ ಕಣೇ.
ಮಣ್ಣು ಮಣ್ಣು.
ಅದೂ ತುಂಬಿದ ಬಸುರಿ, ನಾನೂ.
ಯಾರಿಗೂ ಹೇಳಿಲ್ಲ. ಕದ್ದಿದ್ದು ಅಲ್ವಾ.'

ಉತ್ತರ ಕೊಡಲು ಆಗಲಿಲ್ಲ, ಗಾಡಿ ಬಂದಿತ್ತು.
ಅದಾದ ಮೇಲೆ ಗಾಡಿಗಳ ನಡುವೆ ಬಿಡುವೇ ಇರಲಿಲ್ಲ.
ಹಲ್ಲು ಕಚ್ಚಿದ ಬಾಯಿಗೆ
ಒದ್ದೆ ಬಟ್ಟೆಯ ತುದಿ ಹಿಂಡುತ್ತಿದ್ದ
ನಿಮ್ಮ ಬೆರಳು ಕಚ್ಚಿದ್ದೂ ನಾನೇ ಇರಬೇಕು.

ಬೆಳಗಿನ ಜಾವ ಹುಡುಗಿ ಅತ್ತಳು.
ಮೇಲೆಲ್ಲೂ ಹತ್ತಿರಲಿಲ್ಲ.

ಫ್ಲಾಸ್ಕಿನ ತಳದಲ್ಲಿ ಒಂದು ಮುಚ್ಚಳದಷ್ಟು ಉಳಿದಿತ್ತು.
'ನೀವು ಕುಡೀರಿ' ಅಂದೆ.
ಬೇಡ ಅಂದಿರಿ, ಮತ್ತೆ ಬೇಡ ಅಂದಿರಿ,
ಆಮೇಲೆ ನಿಂತೇ ಕುಡಿದಿರಿ,
ಕಣ್ಣು ಮುಚ್ಚಿ,
ಆ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ
ಗಂಟಲು ಗಟಗಟ ಸದ್ದು ಮಾಡಿತು.

ಮುಚ್ಚಳ ಆಸ್ಪತ್ರೆಯಲ್ಲೇ ಎಲ್ಲೋ ಉಳಿದುಹೋಯಿತು.
ಈಗ ಫ್ಲಾಸ್ಕಿಗೆ ಸ್ಟೀಲಿನ ಬಟ್ಟಲು ಬೋರಲು ಹಾಕುತ್ತೇವೆ.
ಸರಿಯಾಗಿ ಕೂರುವುದಿಲ್ಲ.
ಹೊಸದು ತರೋಣ ಅಂದರೆ
ಇರಲಿ ಬಿಡು, ಅನ್ನುತ್ತೀರಿ.